ಊರು ಆರಿಸುವ ಲೆಕ್ಕ: ಜರ್ಮನಿಗೆ ಓದಲು ಹೊರಟವರಿಗೆ

ಹೋದ ಜೂನ್‌ನಲ್ಲಿ ದಾವಣಗೆರೆಯ ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿಯುತ್ತಿದ್ದಂತೆ ಅಕ್ಕನ ಮಗಳು ಎರಡು ಪ್ರಿಂಟ್‌ಔಟ್ ತಂದು ನನ್ನ ಮುಂದಿಟ್ಟಳು. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿದ ಅವಳಿಗೆ ಜರ್ಮನಿಯಲ್ಲಿ ಎಂ.ಎಸ್‌ಸಿ.ಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಮ್ಯೂನಿಕ್, ಇನ್ನೊಂದು ಕೆಮ್ನಿಟ್ಸ್.

"ಮಾವ, ಯಾವುದಕ್ಕೆ ಹೋಗಲಿ?" ಎಂದಳು.

ಭಾವ ಪಕ್ಕದಲ್ಲೇ ಕೂತಿದ್ದರು. "ಮ್ಯೂನಿಕ್ ಹೆಸರು ಕೇಳಿದೀವಿ. ಆ ಇನ್ನೊಂದು ಊರು ಎಲ್ಲಿದೆಯೋ ಏನೋ" ಎಂದರು.

ಅವಳು ಸಿಲೆಬಸ್ ಓದಿದ್ದಳು, ರ‍್ಯಾಂಕಿಂಗ್ ನೋಡಿದ್ದಳು, ಸೀನಿಯರ್‌ಗಳನ್ನು ಕೇಳಿದ್ದಳು. ಊರಿನ ಬಗ್ಗೆ ಮಾತ್ರ ಏನೂ ವಿಚಾರಿಸಿರಲಿಲ್ಲ. ಹಿಂದೆ ಜರ್ಮನಿಗೇ ಓದಲು ಹೋದಾಗ ನಾನೂ ವಿಚಾರಿಸಿರಲಿಲ್ಲ. ಆ ತಪ್ಪಿನ ಬೆಲೆಯನ್ನು ಮೊದಲ ಚಳಿಗಾಲವಿಡೀ ತೆತ್ತಿದ್ದೆ. ಆ ಮಧ್ಯಾಹ್ನ ಕಾಗದ, ಪೆನ್ನು ಹಿಡಿದು ಅವಳ ಜೊತೆ ಹಾಕಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಎಲ್ಲ ಊರಿಗೂ ಒಂದೇ 992

ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಹೊರಟವರಿಗೆಲ್ಲ ಬ್ಲಾಕ್ಡ್ ಅಕೌಂಟ್ ಗೊತ್ತು. ಮೊದಲ ವರ್ಷದ ಖರ್ಚಿಗೆಂದು 11,904 ಯೂರೊ ಮುಂಗಡ ಕಟ್ಟಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೊದಂತೆ ಅದು ನಿಮ್ಮ ಕೈಗೆ ಬರುತ್ತದೆ. ಒಂದು ಯೂರೊಗೆ ಸುಮಾರು ನೂರು ರೂಪಾಯಿ ಎಂದು ಹಿಡಿದರೆ ಹನ್ನೆರಡು ಲಕ್ಷದ ಹತ್ತಿರ. ಸರ್ಕಾರವೇ ಹೇಳಿದ ಮೊತ್ತ, ಹಾಗಾಗಿ ಸಾಕಾಗುತ್ತದೆ ಎಂದು ಮನೆಯವರು ನಂಬುತ್ತಾರೆ. ಆದರೆ ಈ ಮೊತ್ತ ಇಡೀ ದೇಶಕ್ಕೆ ಒಂದೇ. ಬಾಡಿಗೆ ಮಾತ್ರ ಊರಿಂದ ಊರಿಗೆ ಬೇರೆ.

ಕಾಗದದ ಮೇಲೆ ಎರಡು ಕಾಲಂ ಎಳೆದೆವು. ಮೂವತ್ತು ವರ್ಷದೊಳಗಿನ ವಿದ್ಯಾರ್ಥಿಗೆ ಸರ್ಕಾರಿ ಆರೋಗ್ಯ ವಿಮೆ ಎರಡೂ ಕಡೆ ತಿಂಗಳಿಗೆ ಸುಮಾರು 150 ಯೂರೊ. ದಿನಸಿ, ತರಕಾರಿ, ಕ್ಯಾಂಪಸ್ಸಿನ ಮೆನ್ಸಾದಲ್ಲಿ ಮಧ್ಯಾಹ್ನದ ಊಟ, ಮೊಬೈಲ್, ರೈಲು ಟಿಕೆಟ್ ಎಲ್ಲ ಸೇರಿ ಕೈಬಿಗಿ ಹಿಡಿದರೆ ಸುಮಾರು 300. ಇಲ್ಲಿಯವರೆಗೆ ಎರಡು ಊರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಇನ್ನು ಕೋಣೆಯ ಬಾಡಿಗೆ. ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆಗೆ ಮ್ಯೂನಿಕ್‌ನಲ್ಲಿ 700ರಿಂದ 800 ಯೂರೊ ಆಗುವುದು ಸಾಮಾನ್ಯ. ಕೆಮ್ನಿಟ್ಸ್‌ನಲ್ಲಿ 250ರಿಂದ 350ಕ್ಕೆ ಸಿಗುತ್ತದೆ. 750, 300 ಎಂದು ಬರೆದುಕೊಂಡೆವು.

ಮ್ಯೂನಿಕ್ ಕಾಲಂ 1,200ಕ್ಕೆ ನಿಂತಿತು, ತಿಂಗಳಿಗೆ 208 ಯೂರೊ ಕೊರತೆ. ಕೆಮ್ನಿಟ್ಸ್ ಕಾಲಂ 750ಕ್ಕೆ ನಿಂತಿತು, 242 ಉಳಿತಾಯ. ನಡುವಿನ ಅಂತರ 450 ಯೂರೊ.

ಈ 450ನ್ನು ಗಂಟೆಗೆ ಪರಿವರ್ತಿಸಿ ನೋಡಬೇಕು. 2026ರ ಜನವರಿಯಿಂದ ಜರ್ಮನಿಯಲ್ಲಿ ಕನಿಷ್ಠ ಕೂಲಿ ಗಂಟೆಗೆ 13.90 ಯೂರೊ. ಆ ದರದಲ್ಲಿ 450 ಯೂರೊ ದುಡಿಯಲು ತಿಂಗಳಿಗೆ 32 ಗಂಟೆಗೂ ಮೀರಿ ಬೇಕು. ಅಂದರೆ ವಾರಕ್ಕೆ ಒಂದು ಪೂರ್ತಿ ದಿನ. ಸೂಪರ್ ಮಾರ್ಕೆಟಿನಲ್ಲಿ ಡಬ್ಬ ಜೋಡಿಸುತ್ತಲೋ ಗೋದಾಮಿನಲ್ಲಿ ಪಾರ್ಸಲ್ ಬೇರ್ಪಡಿಸುತ್ತಲೋ ಕಳೆಯುವ ಒಂದು ದಿನ, ಎರಡು ವರ್ಷ ಪ್ರತಿ ವಾರ. ಊರು ಆರಿಸುವಾಗ ದುಡ್ಡಿನ ಜೊತೆಗೆ ನಿಮ್ಮ ವಾರದಲ್ಲಿ ಎಷ್ಟು ದಿನ ನಿಮ್ಮದಾಗಿ ಉಳಿಯುತ್ತದೆ ಎಂಬುದನ್ನೂ ಆರಿಸುತ್ತಿದ್ದೀರಿ. ಲ್ಯಾಬ್, ಜರ್ಮನ್ ಭಾಷೆ, ನಿದ್ದೆ, ಸ್ನೇಹ ಎಲ್ಲವೂ ಆ ದಿನಗಳಿಂದಲೇ ಬರಬೇಕು.

ಕೋಣೆ ಸಿಗುವ ಬಗೆ

ಕೋಣೆಗೆ ಮೂರು ದಾರಿಗಳಿವೆ. ಮೊದಲನೆಯದು ಸ್ಟೂಡಿಯರೆಂಡೆನ್‌ವೆರ್ಕ್ ಎಂಬ ಸಂಸ್ಥೆಯ ಹಾಸ್ಟೆಲ್. ಒಂದೊಂದು ಪ್ರದೇಶಕ್ಕೆ ಒಂದೊಂದು ಸ್ಟೂಡಿಯರೆಂಡೆನ್‌ವೆರ್ಕ್ ಇರುತ್ತದೆ. ಮೆನ್ಸಾ ನಡೆಸುವುದೂ ಅದೇ. ಅಗ್ಗವಾದ, ನಂಬಿಕೆಯ ಕೋಣೆ ಎಂದರೆ ಇವೇ. ಆದರೆ ಇಲ್ಲಿ ಸಾಲು ಇದೆ. ಮ್ಯೂನಿಕ್‌ನಂಥ ಊರಿನಲ್ಲಿ ಕೆಲವು ಸೆಮಿಸ್ಟರ್‌ಗಳೇ ಕಾಯಬೇಕಾಗಬಹುದು. ಕೆಮ್ನಿಟ್ಸ್, ಇಲ್ಮೆನಾವ್, ಮಾಗ್ಡೆಬುರ್ಗ್ ಕಡೆ ಬಂದ ಮೊದಲ ತಿಂಗಳಲ್ಲೇ ಸಿಗುವ ಸಾಧ್ಯತೆ ಹೆಚ್ಚು. ಅಡ್ಮಿಷನ್ ಪತ್ರ ಬಂದ ದಿನವೇ ಅರ್ಜಿ ಹಾಕಿ. ಕೆಲವು ಊರುಗಳಲ್ಲಿ ಪತ್ರ ಬರುವ ಮೊದಲೇ ಹಾಕಬಹುದು.

ಎರಡನೆಯದು ವೇಗೇ, ಅಂದರೆ ನಾಲ್ಕಾರು ಜನ ಸೇರಿ ಹಂಚಿಕೊಂಡ ಮನೆ. ಇಲ್ಲಿ ಮನೆ ಮಾಲೀಕರಿಗಿಂತ ಮೊದಲು ಅಲ್ಲಿ ಇರುವವರು ನಿಮ್ಮನ್ನು ಒಪ್ಪಬೇಕು. ಅಡುಗೆಮನೆಯ ಮೇಜಿನ ಸುತ್ತ ಕೂರಿಸಿ, ಚಹಾ ಕೊಟ್ಟು ಮಾತಾಡಿಸುತ್ತಾರೆ. ಎಷ್ಟು ಗಂಟೆಗೆ ಏಳುತ್ತೀರಿ, ಪಾತ್ರೆ ಯಾವಾಗ ತೊಳೆಯುತ್ತೀರಿ, ಭಾನುವಾರ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ನಾಲ್ಕು ವಾಕ್ಯ ಜರ್ಮನ್ ಬಂದರೂ ಅಲ್ಲಿ ದೊಡ್ಡ ಅನುಕೂಲ. ದೊಡ್ಡ ಊರಿನಲ್ಲಿ ಒಂದು ಕೋಣೆಗೆ ಹತ್ತಾರು ಜನ ಬರುತ್ತಾರೆ, ಸಣ್ಣ ಊರಿನಲ್ಲಿ ಇಬ್ಬರೋ ಮೂವರೋ. ಮೂರನೆಯದು ಖಾಸಗಿ ಹಾಸ್ಟೆಲ್. ಸುಲಭವಾಗಿ ಸಿಗುತ್ತದೆ, ಬಾಡಿಗೆ ದುಬಾರಿ.

ಬಾಡಿಗೆಯನ್ನು ಎರಡು ರೀತಿ ಹೇಳುತ್ತಾರೆ. ಕಾಲ್ಟ್‌ಮೀಟೆ ಎಂದರೆ ಬರೀ ಗೋಡೆಗಳ ಬಾಡಿಗೆ. ವಾರ್ಮ್‌ಮೀಟೆ ಎಂದರೆ ಹೀಟರ್, ನೀರು, ಕಸ ಎಲ್ಲದರ ಖರ್ಚು ಸೇರಿದ್ದು. ಊರುಗಳನ್ನು ಹೋಲಿಸುವಾಗ ವಾರ್ಮ್‌ಮೀಟೆಯನ್ನೇ ಹಿಡಿಯಿರಿ. ಅದರಲ್ಲಿ ಕರೆಂಟು, ಇಂಟರ್‌ನೆಟ್ ಸೇರಿದೆಯೇ ಎಂದೂ ಕೇಳಿ. ಬೆಂಗಳೂರಿನ ಅಡ್ವಾನ್ಸ್‌ನಂತೆ ಅಲ್ಲೂ ಠೇವಣಿ ಇದೆ. ಕಾನೂನಿನ ಪ್ರಕಾರ ಅದು ಮೂರು ತಿಂಗಳ ಕಾಲ್ಟ್‌ಮೀಟೆಯನ್ನು ಮೀರುವಂತಿಲ್ಲ, ಮತ್ತು ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರನಿಗಿದೆ. ಈ ಠೇವಣಿ ತಿಂಗಳ 992ರಲ್ಲಿ ಹೊಂದುವುದಿಲ್ಲ. ಅದಕ್ಕೆಂದೇ ಬೇರೆ ದುಡ್ಡು ತೆಗೆದಿಡಬೇಕು.

ಕೋಣೆಯ ಬರವಿರುವ ಊರಿನಲ್ಲಿ ಮೋಸಗಾರರೂ ಹೆಚ್ಚು. "ನಾನು ಈಗ ಬೇರೆ ದೇಶದಲ್ಲಿದ್ದೇನೆ, ಠೇವಣಿ ಕಳಿಸಿ, ಬೀಗದ ಕೈ ಪೋಸ್ಟಿನಲ್ಲಿ ಕಳಿಸುತ್ತೇನೆ" ಎಂದು ಬಂದ ಮೇಲ್ ಮೋಸದ್ದೇ. ನೀವೋ ನಿಮಗೆ ಗೊತ್ತಿರುವವರೋ ಕೋಣೆಯನ್ನು ಕಣ್ಣಾರೆ ನೋಡುವವರೆಗೆ ಒಂದು ಯೂರೊ ಕೂಡ ಕಳಿಸಬೇಡಿ.

ಸಣ್ಣ ಊರೆಂದರೆ ಅಗ್ಗ ಎಂದುಕೊಳ್ಳುವಂತಿಲ್ಲ. ನಮ್ಮ ನಿಘಂಟಿನ ಕಿಟ್ಟೆಲ್ 1903ರಲ್ಲಿ ತೀರಿಕೊಂಡ ಟ್ಯೂಬಿಂಗನ್ ಪುಟ್ಟ ಊರು. ಸುಮಾರು 90 ಸಾವಿರ ಜನ, ಹತ್ತಿರಹತ್ತಿರ 28 ಸಾವಿರ ವಿದ್ಯಾರ್ಥಿಗಳು. ಮೂರು ಜನಕ್ಕೊಬ್ಬ ವಿದ್ಯಾರ್ಥಿ ಕೋಣೆ ಹುಡುಕುವ ಊರಿನಲ್ಲಿ ಬಾಡಿಗೆ ಏರದೆ ಇರುವುದಿಲ್ಲ. ಹೈಡೆಲ್‌ಬರ್ಗ್, ಫ್ರೈಬುರ್ಗ್‌ಗಳ ಕಥೆಯೂ ಇದೇ. ಆದ್ದರಿಂದ ಊರಿನ ಗಾತ್ರದ ಜೊತೆಗೆ, ಇರುವ ಕೋಣೆಗಳಿಗೆ ಎಷ್ಟು ವಿದ್ಯಾರ್ಥಿಗಳು ಮುಗಿಬೀಳುತ್ತಾರೆ ಎಂಬುದನ್ನೂ ನೋಡಬೇಕು.

ಬಾಗಿಲ ಮೇಲಿನ ಹೆಸರು

ಕೋಣೆ ಸಿಕ್ಕರಷ್ಟೇ ಸಾಲದು. ಆ ವಿಳಾಸಕ್ಕೆ ನಿಮ್ಮ ಹೆಸರು ನೋಂದಾಯಿಸಲು ಬರಬೇಕು. ಜರ್ಮನಿಯಲ್ಲಿ ಹೊಸ ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ವಿಳಾಸ ದಾಖಲಿಸಬೇಕು. ಇದೇ ಅನ್‌ಮೆಲ್ಡುಂಗ್. ಮನೆ ಕೊಟ್ಟವರು ಸಹಿ ಹಾಕಿದ ಒಂದು ಫಾರಂ ಇಲ್ಲದೆ ಅದು ಆಗುವುದಿಲ್ಲ. ಅದಾದ ಮೇಲೆಯೇ ತೆರಿಗೆ ಸಂಖ್ಯೆ ಬರುತ್ತದೆ, ವೀಸಾ ಮುಗಿಯುವ ಮೊದಲು ಪಡೆಯಬೇಕಾದ ವಾಸದ ಪರವಾನಗಿಯ ಕೆಲಸ ಮುಂದುವರಿಯುತ್ತದೆ. ಕೋಣೆಗಳ ಬರವಿರುವ ದೊಡ್ಡ ಊರುಗಳಲ್ಲಿ "ಅನ್‌ಮೆಲ್ಡುಂಗ್ ಇಲ್ಲ" ಎಂಬ ಷರತ್ತಿನ ಕೋಣೆಗಳು ಬಹಳ. ಹೊಸಬರು ಬೇರೆ ದಾರಿ ಕಾಣದೆ ಅವನ್ನೇ ಹಿಡಿಯುತ್ತಾರೆ.

ನಾನು ಹಿಡಿದದ್ದೂ ಅಂಥದ್ದೇ. ಮೊದಲ ಆರು ವಾರದಲ್ಲಿ ಮೂರು ಕಡೆ ಮಲಗಿದೆ. ಮೊದಲು ಹಾಸ್ಟೆಲ್ ಮಂಚ, ಆಮೇಲೆ ಗೆಳೆಯನ ಕೋಣೆಯ ನೆಲ, ಕೊನೆಗೆ ಹೆಸರು ಹಾಕಲು ಬಿಡದ ಒಂದು ಕೋಣೆ. ಜರ್ಮನಿಯಲ್ಲಿ ಮುಖ್ಯವಾದದ್ದೆಲ್ಲ ಇವತ್ತಿಗೂ ಅಂಚೆಯಲ್ಲೇ ಬರುತ್ತದೆ. ಬ್ಯಾಂಕ್ ಕಾರ್ಡ್ ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದರಲ್ಲಿ, ವಿಮೆಯ ಕಾರ್ಡ್ ಮತ್ತೊಂದರಲ್ಲಿ. ಅಂಚೆಯವರು ಮನೆ ನಂಬರ್ ನೋಡುತ್ತಾರೆ, ಆಮೇಲೆ ಟಪಾಲು ಪೆಟ್ಟಿಗೆಯ ಮೇಲೆ ಹೆಸರು ಹುಡುಕುತ್ತಾರೆ. ಫ್ಲಾಟ್ ನಂಬರ್ ಎಂಬುದು ಅಲ್ಲಿ ಸಾಮಾನ್ಯವಾಗಿ ಇಲ್ಲ. ನನ್ನ ಹೆಸರು ಪೆಟ್ಟಿಗೆಯ ಮೇಲಿರಲಿಲ್ಲ. ಬ್ಯಾಂಕ್ ಕಾರ್ಡ್ ಎರಡು ಸಲ ವಾಪಸು ಹೋಯಿತು. ಬ್ಲಾಕ್ಡ್ ಅಕೌಂಟಿನಲ್ಲಿ ಅಪ್ಪನ ದುಡ್ಡಿದ್ದೂ ನವೆಂಬರ್ ಪೂರ್ತಿ ಸಾಲದಲ್ಲಿ ಕಳೆದೆ. ಕಾಗದಪತ್ರದ ಓಡಾಟದಲ್ಲಿ ಎಷ್ಟು ತರಗತಿ ತಪ್ಪಿದವು ಎಂದು ಈಗ ಲೆಕ್ಕವಿಲ್ಲ.

ನಮ್ಮವರು ಇಲ್ಲಿ ಇನ್ನೊಂದು ಎಚ್ಚರಿಕೆ ವಹಿಸಬೇಕು. ಕರ್ನಾಟಕದಲ್ಲಿ ಮನೆತನದ ಹೆಸರಿಗಿಂತ ಇನಿಷಿಯಲ್ ಇರುವವರೇ ಹೆಚ್ಚು. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಕೂತಿರುತ್ತದೆ. ಪತ್ರಗಳು ಬರುವುದು ಆ ಹೆಸರಿಗೇ. ಬಾಡಿಗೆ ಕರಾರಿನಲ್ಲೂ ಬಾಗಿಲ ಗಂಟೆಯ ಮೇಲೂ ಅದೇ ಅಕ್ಷರಗಳಿರಬೇಕು.

ಶುಲ್ಕ ಎಲ್ಲಿದೆ, ಎಲ್ಲಿಲ್ಲ

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬ ಮಾತು ಬಹುಪಾಲು ನಿಜ. ಸೆಮಿಸ್ಟರಿಗೆ ಸಾಮಾನ್ಯವಾಗಿ 100ರಿಂದ 400 ಯೂರೊ ವಂತಿಗೆ ಕಟ್ಟಿದರೆ ಆಯಿತು. ಆದರೆ ಶಿಕ್ಷಣ ಅಲ್ಲಿ ರಾಜ್ಯಗಳ ಕೈಯಲ್ಲಿದೆ, ಹಾಗಾಗಿ ಊರು ಬದಲಾದರೆ ನಿಯಮವೂ ಬದಲಾಗಬಹುದು. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಹೈಡೆಲ್‌ಬರ್ಗ್, ಟ್ಯೂಬಿಂಗನ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೊ ಶುಲ್ಕವಿದೆ. ನಾಲ್ಕು ಸೆಮಿಸ್ಟರಿಗೆ 6,000. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವು 2024ರ ಚಳಿಗಾಲದ ಸೆಮಿಸ್ಟರಿನಿಂದ ಇಂಥ ವಿದ್ಯಾರ್ಥಿಗಳ ಮಾಸ್ಟರ್ಸ್ ಕೋರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೊ ಪಡೆಯುತ್ತಿದೆ. ವಿನಾಯಿತಿ, ಸ್ಕಾಲರ್‌ಶಿಪ್ ಇವೆ, ಆದರೆ ಅವು ಸಿಗುತ್ತವೆ ಎಂದು ನಂಬಿ ಬಜೆಟ್ ಹಾಕಬೇಡಿ.

ಕೆಲಸ ಸಿಗುವ ಊರು

ಇಷ್ಟು ಹೇಳಿದಾಗ ಭಾವ ಕೇಳಿದರು, "ಹಂಗಾದ್ರೆ ದೊಡ್ಡ ಊರಿಗೆ ಹೋಗೋರೆಲ್ಲ ದಡ್ಡರಾ?" ಖಂಡಿತ ಅಲ್ಲ. ದೊಡ್ಡ ಊರು ಹೆಚ್ಚು ಬಾಡಿಗೆ ಪಡೆದು ಹೆಚ್ಚು ಬಾಗಿಲುಗಳನ್ನು ತೆರೆಯುತ್ತದೆ. ಆ ಬಾಗಿಲು ನಿಮ್ಮ ವಿಷಯದ್ದೇ ಎಂಬುದನ್ನು ನೋಡಿಕೊಳ್ಳಬೇಕು.

ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. 2024ರ ಮಾರ್ಚ್‌ಗೆ ಮೊದಲು ಇದು 120 ಮತ್ತು 240 ಇತ್ತು. ಡಬ್ಬ ಜೋಡಿಸುವ ಕೆಲಸ ಎಲ್ಲ ಊರಿನಲ್ಲೂ ಇದೆ. ಮುಂದಿನ ಬದುಕಿಗೆ ದಾರಿಯಾಗುವುದು ವರ್ಕ್‌ಸ್ಟೂಡೆಂಟ್ ಕೆಲಸ, ಅಂದರೆ ಓದುತ್ತಲೇ ವಾರಕ್ಕೆ ಇಪ್ಪತ್ತು ಗಂಟೆಯವರೆಗೆ ಕಂಪನಿಯಲ್ಲಿ ನಿಮ್ಮ ವಿಷಯದ್ದೇ ಕೆಲಸ. ವಿಶ್ವವಿದ್ಯಾಲಯದಲ್ಲೇ ಪ್ರೊಫೆಸರರ ಕೈಕೆಳಗೆ ಮಾಡುವುದನ್ನು ಹಿವಿ ಎನ್ನುತ್ತಾರೆ. ಅದು 140 ದಿನದ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ನಿಮ್ಮ ವಿಷಯದ ನಕ್ಷೆಯನ್ನು ಊರಿನ ನಕ್ಷೆಯ ಮೇಲಿಟ್ಟು ನೋಡಿ. ವಾಹನ ಎಂಜಿನಿಯರಿಂಗ್‌ಗೆ ಸ್ಟುಟ್‌ಗಾರ್ಟ್, ಮ್ಯೂನಿಕ್, ಬ್ರೌನ್‌ಶ್ವೈಗ್. ಚಿಪ್ ಮತ್ತು ಸೆಮಿಕಂಡಕ್ಟರ್‌ಗೆ ಡ್ರೆಸ್ಡನ್: ಇನ್ಫಿನಿಯಾನ್, ಗ್ಲೋಬಲ್‌ಫೌಂಡ್ರೀಸ್, ಬಾಷ್ ಕಾರ್ಖಾನೆಗಳು ಅಲ್ಲಿವೆ, ತೈವಾನಿನ ಟಿಎಸ್‌ಎಂಸಿ ಪಾಲುದಾರಿಕೆಯ ಕಾರ್ಖಾನೆಗೆ 2024ರ ಆಗಸ್ಟ್‌ನಲ್ಲಿ ಅಡಿಗಲ್ಲು ಬಿದ್ದಿದೆ. ಲೆನ್ಸ್, ಲೇಸರ್ ಓದುವವರಿಗೆ ಝೈಸ್, ಶಾಟ್ ಬೆಳೆದ ಯೇನಾ. ವೈದ್ಯಕೀಯ ಉಪಕರಣಗಳಿಗೆ ಎರ್ಲಾಂಗನ್. ವಿಮಾನಕ್ಕೆ ಹ್ಯಾಂಬರ್ಗ್, ಬ್ರೆಮನ್. ಬ್ಯಾಂಕಿಂಗ್‌ಗೆ ಫ್ರಾಂಕ್‌ಫರ್ಟ್. ಸ್ಟಾರ್ಟಪ್‌ಗೆ, ಇಂಗ್ಲಿಷ್‌ನಲ್ಲೇ ಕೆಲಸ ಬಯಸುವವರಿಗೆ ಬರ್ಲಿನ್.

ಒಂದೇ ಉದ್ಯಮ ನಂಬಿದ ಊರಾದರೆ ಆ ಉದ್ಯಮದ ನಾಡಿಯನ್ನೂ ಹಿಡಿದು ನೋಡಬೇಕು. ಫೋಕ್ಸ್‌ವ್ಯಾಗನ್ 2030ರೊಳಗೆ ಜರ್ಮನಿಯಲ್ಲಿ 35,000 ಹುದ್ದೆ ಇಳಿಸುವ ಒಪ್ಪಂದವನ್ನು ಕಾರ್ಮಿಕ ಸಂಘದೊಂದಿಗೆ 2024ರ ಡಿಸೆಂಬರ್‌ನಲ್ಲಿ ಮಾಡಿಕೊಂಡಿತು. ಕಾಯಂ ನೌಕರರನ್ನೇ ಇಳಿಸುವ ಕಡೆ ವಿದ್ಯಾರ್ಥಿಗಳ ಜಾಗಗಳೂ ಕುಗ್ಗುತ್ತವೆ.

ಪದವಿಯ ನಂತರ ಕೆಲಸ ಹುಡುಕಲು 18 ತಿಂಗಳ ಅವಕಾಶ ಸಿಗುತ್ತದೆ. ಆಗ ಬ್ಲಾಕ್ಡ್ ಅಕೌಂಟ್ ಖಾಲಿಯಾಗಿರುತ್ತದೆ, ವಿದ್ಯಾರ್ಥಿ ವಿಮೆಯ ರಿಯಾಯಿತಿಯೂ ಮುಗಿದಿರುತ್ತದೆ. ಬಾಡಿಗೆ ಕಡಿಮೆಯಿರುವ ಊರಿನಲ್ಲಿ ಈ ಹದಿನೆಂಟು ತಿಂಗಳನ್ನು ಸಮಾಧಾನದಿಂದ ಬಳಸಿಕೊಳ್ಳಬಹುದು. ದುಬಾರಿ ಊರಿನಲ್ಲಿ ಮೊದಲು ಸಿಕ್ಕ ಕೆಲಸಕ್ಕೆ ಕೈಯೊಡ್ಡಬೇಕಾಗುತ್ತದೆ.

ಟಿಕೆಟ್ ಇದ್ದರೆ ಊರಿನ ಗಡಿ ಸರಿಯುತ್ತದೆ

ಓದುವ ಊರು, ಇರುವ ಊರು, ದುಡಿಯುವ ಊರು ಒಂದೇ ಆಗಬೇಕಿಲ್ಲ. 2024ರ ಬೇಸಿಗೆ ಸೆಮಿಸ್ಟರಿನಿಂದ ಅನೇಕ ವಿಶ್ವವಿದ್ಯಾಲಯಗಳು ಇಡೀ ಜರ್ಮನಿಗೆ ಒಂದೇ ಸೆಮಿಸ್ಟರ್ ಟಿಕೆಟ್ ಕೊಡುತ್ತಿವೆ. ಅದರ ಬೆಲೆ ಸಾಮಾನ್ಯರ ಡಾಯ್ಚ್‌ಲ್ಯಾಂಡ್ ಟಿಕೆಟಿನ ಶೇ. 60. ಬಸ್ಸು, ಟ್ರಾಮ್, ಮೆಟ್ರೊ, ಪ್ರಾದೇಶಿಕ ರೈಲು ಎಲ್ಲಕ್ಕೂ ನಡೆಯುತ್ತದೆ. ಐಸಿಇಯಂಥ ವೇಗದ ರೈಲಿಗೆ ನಡೆಯುವುದಿಲ್ಲ. ನಿಮ್ಮ ವಿಶ್ವವಿದ್ಯಾಲಯ ಈ ಟಿಕೆಟ್ ಕೊಡುತ್ತದೆಯೇ, ವಂತಿಗೆಯಲ್ಲೇ ಸೇರಿದೆಯೇ ಎಂದು ಕೇಳಿಕೊಳ್ಳಿ.

ಈ ಟಿಕೆಟಿನಿಂದ ಕೆಮ್ನಿಟ್ಸ್‌ನ ಚಿತ್ರವೇ ಬದಲಾಯಿತು. ಅಲ್ಲಿಂದ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದು ಗಂಟೆಗೆ ಡ್ರೆಸ್ಡನ್. ಅಕ್ಕನ ಮಗಳ ವಿಷಯವಾದ ಚಿಪ್ ಉದ್ಯಮ ಅಲ್ಲಿದೆ. ಇದೇ ರೀತಿ ಫ್ರಾಂಕ್‌ಫರ್ಟ್‌ನಲ್ಲಿ ದುಡಿಯುತ್ತ ಡಾರ್ಮ್‌ಸ್ಟಾಟ್‌ನಲ್ಲೋ ಮೈಂಟ್ಸ್‌ನಲ್ಲೋ ಇರುವವರಿದ್ದಾರೆ, ಮ್ಯೂನಿಕ್‌ನಲ್ಲಿ ಓದುತ್ತ ಔಗ್ಸ್‌ಬುರ್ಗ್‌ನಲ್ಲಿ ಇರುವವರಿದ್ದಾರೆ. ಹೋಗಿಬರುವ ಸಮಯವನ್ನು ಮಾತ್ರ ಲೆಕ್ಕದಲ್ಲಿ ಸೇರಿಸಿ. ದಿನಕ್ಕೆ ಎರಡು ಗಂಟೆ ರೈಲು ಎಂದರೆ ವಾರಕ್ಕೆ ಹತ್ತು ಗಂಟೆ. ಬಾಡಿಗೆಯಲ್ಲಿ ಉಳಿಸಿದ ದಿನ ರೈಲಿನಲ್ಲಿ ಕಳೆದುಹೋಗಬಾರದು.

ಭಾಷೆ, ಚಳಿ, ನೆರೆಹೊರೆ

ಕೋರ್ಸ್ ಇಂಗ್ಲಿಷಿನಲ್ಲಿದ್ದರೂ ಊರು ಜರ್ಮನ್‌ನಲ್ಲೇ ಮಾತಾಡುತ್ತದೆ. ಕಚೇರಿ, ಡಾಕ್ಟರು, ಬಾಡಿಗೆ ಕರಾರು, ಹೆಚ್ಚಿನ ಕಂಪನಿಗಳ ಕೆಲಸ ಎಲ್ಲ ಜರ್ಮನ್. ಬರ್ಲಿನ್‌ನಲ್ಲಿ ಇಂಗ್ಲಿಷಿನಲ್ಲೇ ದಿನ ದೂಡಬಹುದು, ಅದರಿಂದಲೇ ಎರಡು ವರ್ಷವಾದರೂ ಭಾಷೆ ಬಾರದವರೂ ಅಲ್ಲಿದ್ದಾರೆ. ಸಣ್ಣ ಊರಿನ ಬೇಕರಿಯಲ್ಲಿ ಬ್ರೆಡ್ ಕೊಳ್ಳಲೂ ಜರ್ಮನ್ ಬೇಕು. ಮೊದಲ ಆರು ತಿಂಗಳು ಕಷ್ಟ, ಆಮೇಲೆ ಅದೇ ಆಸ್ತಿ. ಬಿ1 ಮಟ್ಟ ದಾಟಿದ ಮೇಲೆ ವರ್ಕ್‌ಸ್ಟೂಡೆಂಟ್ ಅರ್ಜಿಗಳಿಗೆ ಉತ್ತರ ಬರತೊಡಗಿದ್ದು ನನ್ನ ಅನುಭವ.

ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಭಾನುವಾರ ಅಂಗಡಿ ಮುಚ್ಚಿರುತ್ತವೆ. ಆ ಕತ್ತಲಲ್ಲಿ ನಮ್ಮವರ ಮುಖ ಬೇಕೆನಿಸುತ್ತದೆ. ಮ್ಯೂನಿಕ್‌ನಲ್ಲಿ, ಫ್ರಾಂಕ್‌ಫರ್ಟ್ ಸುತ್ತಮುತ್ತ ಕನ್ನಡ ಸಂಘಗಳಿವೆ, ಯುಗಾದಿ, ರಾಜ್ಯೋತ್ಸವ ನಡೆಯುತ್ತವೆ, ಸೋನಾ ಮಸೂರಿ ಅಕ್ಕಿ, ತೊಗರಿಬೇಳೆ ಸಿಗುವ ಅಂಗಡಿಗಳಿವೆ. ಒಂಟಿತನ ತಡೆಯಲಾರೆ ಎಂದು ನಿಮ್ಮ ಸ್ವಭಾವ ಹೇಳಿದರೆ ಇದಕ್ಕೂ ಲೆಕ್ಕದಲ್ಲಿ ಜಾಗ ಕೊಡಿ. ಸಂಕೋಚ ಬೇಡ.

ಇನ್ನೊಂದು ವಿಷಯವನ್ನು ಭಾವನಿಂದ ಮುಚ್ಚಿಡಲಿಲ್ಲ. ಪೂರ್ವ ಜರ್ಮನಿಯ ಹಲವು ಕಡೆ ವಲಸೆ ವಿರೋಧಿ ರಾಜಕೀಯ ಬಲವಾಗಿದೆ. 2018ರ ಆಗಸ್ಟ್‌ನಲ್ಲಿ ಕೆಮ್ನಿಟ್ಸ್‌ನ ಬೀದಿಗಳಲ್ಲೇ ವಿದೇಶೀಯರ ವಿರುದ್ಧ ಹಿಂಸೆಯ ಪ್ರದರ್ಶನಗಳು ನಡೆದಿದ್ದವು. ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಇಂದು ಹೊರದೇಶದ ವಿದ್ಯಾರ್ಥಿಗಳ ಪಾಲು ದೊಡ್ಡದು, ಅವರಲ್ಲಿ ಭಾರತೀಯರು ಬಹಳ. 2025ರಲ್ಲಿ ಅದು ಯುರೋಪಿನ ಸಾಂಸ್ಕೃತಿಕ ರಾಜಧಾನಿಗಳಲ್ಲಿ ಒಂದಾಗಿತ್ತು. ಎರಡೂ ಸತ್ಯ. ಇಂಥ ಪ್ರಶ್ನೆಗೆ ಉತ್ತರ ಅಲ್ಲಿ ಈಗ ಓದುತ್ತಿರುವ ಹುಡುಗಿಯರಿಂದಲೇ ಬರಬೇಕು. ರಾತ್ರಿ ಲ್ಯಾಬಿನಿಂದ ಯಾವ ದಾರಿಯಲ್ಲಿ ಬರುತ್ತೀರಿ, ಕೊನೆಯ ಟ್ರಾಮ್ ಎಷ್ಟು ಗಂಟೆಗೆ, ಯಾವ ಬಡಾವಣೆ ಬೇಡ ಎಂದು ನೇರವಾಗಿ ಕೇಳಿ. ಅಕ್ಕನ ಮಗಳು ಮೂವರನ್ನು ಕೇಳಿದಳು. ಕ್ಯಾಂಪಸ್ ಪಕ್ಕದ ಹಾಸ್ಟೆಲ್ ಹಿಡಿ ಎಂದು ಮೂವರೂ ಹೇಳಿದರು.

ಒಂದು ಸಂಜೆಯ ಕೆಲಸ

ಎರಡು ಊರು ಕೈಯಲ್ಲಿದ್ದರೆ ಒಂದು ಸಂಜೆ ಕೂತು ಇಷ್ಟನ್ನು ಬರೆದುಕೊಳ್ಳಿ.

1. ಕೋಣೆಯ ವಾರ್ಮ್‌ಮೀಟೆ. ಇಂದಿನ ಹತ್ತು ಜಾಹೀರಾತು ನೋಡಿ ನಡುವಿನ ಮೊತ್ತ ಹಿಡಿಯಿರಿ, ಎಲ್ಲಕ್ಕಿಂತ ಕಡಿಮೆಯದನ್ನಲ್ಲ.

2. ಹಾಸ್ಟೆಲ್ ಸಾಲು. ಸ್ಟೂಡಿಯರೆಂಡೆನ್‌ವೆರ್ಕ್‌ಗೆ ಮೇಲ್ ಬರೆದು ಅಕ್ಟೋಬರ್‌ನಲ್ಲಿ ಸಿಗುತ್ತದೆಯೇ ಎಂದು ಕೇಳಿ.

3. ಶುಲ್ಕ, ಸೆಮಿಸ್ಟರ್ ವಂತಿಗೆ, ಟಿಕೆಟ್.

4. ತಿಂಗಳ ಕೊರತೆಯನ್ನು 13.90ರಿಂದ ಭಾಗಿಸಿ. ಬಂದ ಗಂಟೆಗಳನ್ನು ನಿಮ್ಮ ವಾರದ ವೇಳಾಪಟ್ಟಿಯಲ್ಲಿ ಗುರುತು ಮಾಡಿ.

5. ನಿಮ್ಮ ವಿಷಯದ ವರ್ಕ್‌ಸ್ಟೂಡೆಂಟ್ ಜಾಗಗಳು ಒಂದು ಗಂಟೆಯ ರೈಲು ದೂರದೊಳಗೆ ಎಷ್ಟಿವೆ, ಅವುಗಳಲ್ಲಿ ಎಷ್ಟು ಜರ್ಮನ್ ಕೇಳುತ್ತವೆ ಎಂದು ಎಣಿಸಿ.

6. ಅಲ್ಲಿರುವ ಇಬ್ಬರಿಗಾದರೂ ಫೋನ್ ಮಾಡಿ. ವಾಸದ ಪರವಾನಗಿಗೆ ಎಷ್ಟು ತಿಂಗಳು ಕಾದಿರಿ ಎಂದು ಕೇಳಲು ಮರೆಯಬೇಡಿ. ಊರಿಂದ ಊರಿಗೆ ಇದರಲ್ಲಿ ಬಹಳ ವ್ಯತ್ಯಾಸವಿದೆ.

ಉತ್ತರ ಎಲ್ಲರಿಗೂ ಒಂದೇ ಬರುವುದಿಲ್ಲ. ನಿಮ್ಮ ವಿಷಯದ ಬಾಗಿಲುಗಳು ಮ್ಯೂನಿಕ್‌ನಲ್ಲೇ ಇದ್ದು, ಹಾಸ್ಟೆಲ್ ಕೂಡ ಸಿಕ್ಕಿದ್ದರೆ ಅಲ್ಲಿಗೇ ಹೋಗಿ. ಕೋಣೆಯ ಖಾತ್ರಿಯಿಲ್ಲದೆ ಊರಿನ ಹೆಸರು ನೋಡಿ ಮಾತ್ರ ಹೋಗಬೇಡಿ.

ಅಕ್ಕನ ಮಗಳು ಕೆಮ್ನಿಟ್ಸ್ ಆರಿಸಿದಳು. ಸೆಪ್ಟೆಂಬರ್ ಕೊನೆಗೆ ಹೋದ ನಾಲ್ಕನೇ ದಿನ ಮನೆಯ ಗುಂಪಿಗೆ ಒಂದು ಫೋಟೊ ಕಳಿಸಿದಳು. ಊರಿನದಲ್ಲ, ಕೋಣೆಯದೂ ಅಲ್ಲ. ಹಾಸ್ಟೆಲ್ ಬಾಗಿಲಿನ ಗಂಟೆಗಳ ಫಲಕ. ಸಾಲು ಸಾಲು ಗುಂಡಿಗಳು, ಪಕ್ಕದಲ್ಲಿ ಬೇರೆ ಬೇರೆ ದೇಶದ ಹೆಸರುಗಳು. ಕೆಳಗಿನಿಂದ ಮೂರನೆಯದರಲ್ಲಿ ಹೊಸ ಬಿಳಿ ಕಾಗದದ ಚೂರು. ಅದರ ಮೇಲೆ ಅವಳ ಸರ್‌ನೇಮ್, ಎಂದರೆ ಭಾವನ ಹೆಸರು. ಆ ಸಂಜೆ ಭಾವ ಫೋನ್ ಮಾಡಿದರು. ದುಡ್ಡಿನ ಮಾತು ಆಡಲಿಲ್ಲ. "ನನ್ನ ಹೆಸರು ಅಲ್ಲಿ ಬಾಗಿಲ ಮೇಲಿದೆ ಕಣಯ್ಯ. ಇನ್ನು ಅವಳಿಗೆ ಕಾಗದ ಬರೀಬಹುದು" ಎಂದರು.